ಸೌಕರ್ಯದ ವಿಚಾರ



ಜನರ ನಿತ್ಯಜೀವನಕ್ಕೆ ಸಂಬಂಧಪಟ್ಟ ವಿಷಯವೊಂದನ್ನು ಕುರಿತು ಪ್ರತಿವರ್ಷವೂ ಇಲ್ಲಿ ಒಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರ ಅಪೇಕ್ಷೆಯಾಗಿದ್ದಿತೆಂದು ಸಂಚಾಲಕರು ತಿಳಿಸಿದಾಗ, ಅಡುಗೆಮನೆಯಿಂದ ಮೊದಲುಗೊಂಡು ತಾಲ್ಲೂಕು ಕಚೇರಿಯವರೆಗೆ ನಮ್ಮೆಲ್ಲರ ದಿನಚರಿಯನ್ನು ವ್ಯಾಪಿಸಿಕೊಂಡಿರುವ ಯಂತ್ರೋಪಕರಣಗಳ ವಿಚಾರಕ್ಕಿಂತ ಹತ್ತಿರದ ವಿಷಯ ನನಗೆ ಹೊಳೆಯಲಿಲ್ಲ. ಇವು ಹಿಂದಿನ ರೀತಿಗಳಿಗಿಂತ ನಿಜವಾಗಿಯೂ ಅನುಕೂಲವಾದವೇ ಎಂಬ ಪ್ರಶ್ನೆ ಮನೆಯ ಜಗಲಿಯಲ್ಲಿಯೂ ಕಚೇರಿಯ ಸಾಲಿನಲ್ಲಿಯೂ ದಿನವೂ ಕೇಳಿಬರುತ್ತದೆ. ಉತ್ತರವೂ ಕೂಡಲೇ ದೊರೆಯುತ್ತದೆ: ವಯಸ್ಸಾದವರು ಹಿಂದಿನದೇ ಮೇಲೆಂದೂ ಕಿರಿಯರು ಹಿಂದಿನದರ ಮಾತೇ ಬೇಡವೆಂದೂ ಹೇಳಿ ಮುಗಿಸುತ್ತಾರೆ. ಈ ಎರಡು ಉತ್ತರಗಳೂ ಯಂತ್ರವನ್ನು ನೋಡುತ್ತವೆಯೇ ಹೊರತು ಅದರ ಎದುರಿಗೆ ನಿಂತಿರುವ ಮನುಷ್ಯರನ್ನು ನೋಡುವುದಿಲ್ಲ. ಒಂದು ಉಪಕರಣವು ಅನುಕೂಲವೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದರೆ, ಅದನ್ನು ಬೇಕೆಂದು ತಂದವರು ಯಾರು, ಅದು ಕೈಕೊಟ್ಟ ದಿನ ಅದನ್ನು ಬದಿಗಿಟ್ಟು ಕೆಲಸವನ್ನು ಪೂರೈಸಿಕೊಳ್ಳುವ ಅಧಿಕಾರ ಯಾರಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಇಂದು ನಾನು ಹೇಳಲಿರುವುದೆಲ್ಲ ಈ ಒಂದು ಮಾತಿನ ವಿವರಣೆ.

ಅಡುಗೆಮನೆಯಿಂದಲೇ ಆರಂಭಿಸುತ್ತೇನೆ. ನೆಲದಲ್ಲಿ ಹುಗಿದ ಒರಳಿನ ಮುಂದೆ ಒಂದು ಕಾಲನ್ನು ಮಡಿಚಿ ಮತ್ತೊಂದನ್ನು ನೀಡಿ ಕುಳಿತು, ನೆನೆದ ಅಕ್ಕಿಯನ್ನು ಹಿಡಿಹಿಡಿಯಾಗಿ ಕುಳಿಗೆ ಹಾಕುತ್ತ, ಬಲಗೈಯಿಂದ ಗುಂಡುಕಲ್ಲನ್ನು ತಿರುಗಿಸುತ್ತ, ಅಂಚಿಗೇರಿದ ಹಿಟ್ಟನ್ನು ಎಡಗೈಯ ಬೆರಳುಗಳಿಂದ ಮತ್ತೆ ಒಳಕ್ಕೆ ತಳ್ಳುತ್ತ, ಆ ಬೆರಳುಗಳು ಕಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕದಂತೆ ಪ್ರತಿಸುತ್ತಿಗೂ ಎಚ್ಚರವಹಿಸುತ್ತ, ಮರುದಿನದ ದೋಸೆಗೆ ಹಿಟ್ಟು ರುಬ್ಬುತ್ತಿದ್ದ ಹೆಂಗಸನ್ನು ನೆನಪಿಗೆ ತಂದುಕೊಳ್ಳಿರಿ. ಅಕ್ಕಿಯದಾದ ಮೇಲೆ ಉದ್ದಿನಬೇಳೆ. ಅದು ನುಣ್ಣಗಾಗಿ ನೊರೆಯೆದ್ದು ಉಬ್ಬಿಬರುವವರೆಗೆ ಕೈ ನಿಲ್ಲಿಸುವಂತಿಲ್ಲ. ಒಣಮೆಣಸಿನಕಾಯಿಯ ಖಾರ ಅರೆದ ದಿನ ಅಂಗೈಯ ಉರಿ ರಾತ್ರಿ ಮಲಗುವ ಹೊತ್ತಿಗೂ ಆರುತ್ತಿರಲಿಲ್ಲ. ಕಲ್ಲು ಸವೆದು ನುಣುಪಾದರೆ ಕಲ್ಲುಕುಟಿಗನನ್ನು ಕರೆಯಿಸಿ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು; ಆಕೆಯ ಕೈ ಸವೆದುದಕ್ಕೆ ಅಂಥ ಉಪಾಯವೇನೂ ಇರಲಿಲ್ಲ.

ರಾಗಿಯ ಸೀಮೆಯಲ್ಲಿಯೂ ಜೋಳದ ಸೀಮೆಯಲ್ಲಿಯೂ ಇದಕ್ಕಿಂತ ಕಠಿನವಾದುದು ಬೀಸುವ ಕಲ್ಲಿನ ಕೆಲಸ. ಕೋಳಿ ಕೂಗುವುದಕ್ಕೆ ಮೊದಲೇ ಎದ್ದು, ಇಬ್ಬರಿದ್ದರೆ ಎದುರುಬದುರಾಗಿ ಕುಳಿತು ಒಂದೇ ಗೂಟವನ್ನು ಹಿಡಿದು, ಅಂದಿನ ಮುದ್ದೆಗೋ ರೊಟ್ಟಿಗೋ ಬೇಕಾದ ಹಿಟ್ಟನ್ನು ಬೆಳಗಾಗುವುದರೊಳಗೆ ಬೀಸಿ ಮುಗಿಸಬೇಕು. ಆ ಕಲ್ಲಿನ ಸುತ್ತ ಹುಟ್ಟಿದ ತ್ರಿಪದಿಗಳು ನಮ್ಮ ಸಾಹಿತ್ಯದ ಅಮೂಲ್ಯ ಸಂಪತ್ತು. ಹಲಸಂಗಿಯ ಗೆಳೆಯರು ಅವನ್ನು ಸಂಗ್ರಹಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿ ಕನ್ನಡಿಗರನ್ನು ಋಣಿಗಳನ್ನಾಗಿ ಮಾಡಿದರು. ಗಿರಣಿ ಬಂದಿತು, ಹಾಡು ಹೋಯಿತು ಎಂದು ಮರುಗುವವರ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೆ ಆ ಹಾಡುಗಳ ಸೊಗಸನ್ನು ಕಲ್ಲಿನ ಪರವಾದ ಸಾಕ್ಷ್ಯವಾಗಿ ಹಿಡಿಯುವುದು ನ್ಯಾಯವಲ್ಲ. ದೇಹದ ಬಳಲಿಕೆಯನ್ನು ಮರೆಯುವುದಕ್ಕಾಗಿ ಆ ತಾಯಂದಿರು ಹಾಡಿದರು. ಹಾಡಿನ ಹಿರಿಮೆಯೆಲ್ಲ ಅವರ ಮನಸ್ಸಿನದು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಸರ್ಕಾರದ ಆಜ್ಞೆಯಿಲ್ಲದೆ, ಯಾರ ಪ್ರಚಾರವೂ ಇಲ್ಲದೆ, ಹೆಂಗಸರೇ ಕಾಳಿನ ಪುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅಲ್ಲಿಗೆ ನಡೆದರೆಂಬುದನ್ನು ನಾವು ಅವರ ತೀರ್ಪೆಂದೇ ಗೌರವಿಸಬೇಕು. ಹಳೆಯ ರೀತಿಯನ್ನು ಹೊಗಳುವವರು ಹಲವೊಮ್ಮೆ ಉಂಡವರಾಗಿರುತ್ತಾರೆ, ಬೀಸಿದವರಾಗಿರುವುದಿಲ್ಲ.

ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹಿಂದಿನ ದೊಡ್ಡ ಮನೆಗಳಲ್ಲಿ ಯಂತ್ರಗಳಿಲ್ಲದೆಯೂ ಜೀವನ ಸುಗಮವಾಗಿ ನಡೆಯುತ್ತಿತ್ತೆಂದರೆ, ನೀರು ಹೊರುವವರು, ಬಟ್ಟೆ ಒಗೆಯುವವರು, ಸೌದೆ ಸೀಳುವವರು, ಕೊನೆಗೆ ಹೇಳಲು ನಾಚಿಕೆಯಾಗುವಂತೆ ಮಲವನ್ನು ತಲೆಯ ಮೇಲೆ ಹೊತ್ತೊಯ್ಯುವವರು ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದರು. ೧೯೭೦ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರಿಸುವ ಆ ಪದ್ಧತಿಯನ್ನು ನಿಷೇಧಿಸಿದರು. ಅವರ ಧೈರ್ಯವನ್ನು ನೆನೆಯದೆ ಈ ನಾಡಿನಲ್ಲಿ ಸೌಕರ್ಯದ ಮಾತನ್ನಾಡುವುದು ಕೃತಘ್ನತೆಯಾಗುತ್ತದೆ. ನೀರು ಹಾಯಿಸಿದರೆ ತೊಳೆದುಹೋಗುವ ಪಾಯಿಖಾನೆಯು ಮನೆಯವರಿಗೆ ಸೌಕರ್ಯವಾದುದಕ್ಕಿಂತ ಮಿಗಿಲಾಗಿ ಒಂದು ಸಮುದಾಯದ ಮಾನವನ್ನು ಉಳಿಸುವ ಸಾಧನವಾಗಬೇಕಾಗಿದ್ದಿತು. ಗುಂಡಿಗಳಿಗೆ ಇಂದಿಗೂ ಮನುಷ್ಯರನ್ನು ಇಳಿಸುತ್ತಿರುವವರೆಗೆ ಅದು ಪೂರ್ಣವಾಗಿ ಹಾಗಾಯಿತೆಂದು ಹೇಳುವಂತಿಲ್ಲ.

ಯಂತ್ರಗಳ ಪರವಾಗಿ ಇಷ್ಟನ್ನು ಒಪ್ಪಿದ ಮೇಲೆ, ಮನೆಯೊಳಗೆ ಬಂದ ಯಂತ್ರ ಕೆಲಸವನ್ನು ಯಾವಾಗಲೂ ಕಡಮೆ ಮಾಡುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಅವರು ೧೯೮೩ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ತಮ್ಮ ದೇಶದ ಗೃಹಿಣಿಯರನ್ನು ಕುರಿತು ಇದನ್ನೇ ವಿಚಾರಮಾಡಿ, ಯಂತ್ರಗಳು ಗಂಡಸರೂ ಮಕ್ಕಳೂ ಕೆಲಸದವರೂ ಮಾಡುತ್ತಿದ್ದ ಪಾಲನ್ನು ಇಲ್ಲವಾಗಿಸಿದವೆಂದೂ, ಶುಚಿಯ ಮತ್ತು ರುಚಿಯ ನಿರೀಕ್ಷೆಗಳು ಏರಿದವೆಂದೂ, ಉಳಿದ ಕೆಲಸವೆಲ್ಲ ಒಬ್ಬ ತಾಯಿಯ ಮೇಲೆಯೇ ಬಿದ್ದಿತೆಂದೂ ತೋರಿಸಿದರು. ನಮ್ಮ ಮನೆಗಳಲ್ಲಿಯೂ ಹೀಗೆಯೇ ಆಗಿದೆ. ಒರಳಿದ್ದ ಕಾಲದಲ್ಲಿ ದೋಸೆಯೆಂಬುದು ಹಬ್ಬಕ್ಕೋ ನೆಂಟರು ಬಂದಾಗಲೋ ಆಗುತ್ತಿದ್ದ ವಿಶೇಷ. ಗ್ರೈಂಡರು ಬಂದ ಮೇಲೆ ಅದು ವಾರದಲ್ಲಿ ಹಲವು ದಿನಗಳ ತಿಂಡಿಯಾಯಿತು, ಮಿಕ್ಸಿ ಬಂದ ಮೇಲೆ ಜೊತೆಗೆ ಎರಡು ಬಗೆಯ ಚಟ್ನಿಯೂ ಬೇಕಾಯಿತು. ತೋಳಿಗೆ ವಿಶ್ರಾಂತಿ ದೊರೆತದ್ದು ನಿಜ, ಗಡಿಯಾರಕ್ಕೆ ದೊರೆಯಲಿಲ್ಲ. ಯಂತ್ರದ ಗುಂಡಿಯನ್ನು ಒತ್ತುವುದಕ್ಕೆ ಯಾವ ಬಲವೂ ಬೇಡವಾದುದರಿಂದ ಮನೆಯ ಗಂಡಸರೂ ಒತ್ತಬಹುದಾಗಿತ್ತು. ಬಹಳ ಮನೆಗಳಲ್ಲಿ ಅವರು ಒತ್ತಲಿಲ್ಲ.

ಹೀಗಿದ್ದರೂ ಮನೆಯೊಳಗಿನ ಯಂತ್ರಗಳನ್ನು ಕುರಿತು ನನಗೆ ಭಯವಿಲ್ಲ. ಕಾರಣವನ್ನು ಒಲೆಯ ಉದಾಹರಣೆಯಿಂದ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ಗ್ರಾಮಗಳಿಗೆ ಉಪಯುಕ್ತವಾಗುವ ತಂತ್ರಜ್ಞಾನವನ್ನು ರೂಪಿಸುವ ಉದ್ದೇಶದಿಂದ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕ್ಷೇತ್ರಕಾರ್ಯ ನಡೆಯಿತು. ಅಲ್ಲಿಂದ ಬೆಳೆದುಬಂದದ್ದು ‘ಅಸ್ತ್ರ ಒಲೆ’. ಮಣ್ಣಿನಿಂದಲೇ ಕಟ್ಟಿದ, ಮೂರು ಪಾತ್ರೆಗಳನ್ನು ಒಮ್ಮೆಗೇ ಇಡಬಹುದಾದ, ಸೌದೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿಯನ್ನೂ ಹೊಗೆ ಸೂರಿನಿಂದ ಹೊರಹೋಗಲು ಕೊಳವೆಯನ್ನೂ ಉಳ್ಳ ಆ ಒಲೆಗೆ ಹಿಂದಿನದಕ್ಕಿಂತ ಬಹಳ ಕಡಮೆ ಸೌದೆ ಸಾಕಾಗುತ್ತಿತ್ತು, ಅಡುಗೆಯವರ ಕಣ್ಣು ಎದೆಗಳಿಗೆ ಹೊಗೆಯ ಕಾಟವೂ ತಪ್ಪುತ್ತಿತ್ತು. ಬಿರುಕುಬಿಟ್ಟರೆ ಮನೆಯವರೇ ಮಣ್ಣು ಕಲಸಿ ಮೆತ್ತಬಹುದು. ವಿಜ್ಞಾನಿಗಳು ಹಳ್ಳಿಯ ಅಡುಗೆಮನೆಯನ್ನು ಇಷ್ಟು ಶ್ರದ್ಧೆಯಿಂದ ನೋಡಿದ ಉದಾಹರಣೆಗಳು ವಿರಳ. ಮುಂದೆ ಹಳ್ಳಿಗಳಿಗೂ ಗ್ಯಾಸಿನ ಸಿಲಿಂಡರು ಬಂದಿತು. ಗೀರಿದೊಡನೆ ಹೊತ್ತಿಕೊಳ್ಳುವ, ಮಸಿಯಿಲ್ಲದ ಆ ಒಲೆಯನ್ನು ಹೆಂಗಸರು ಮೆಚ್ಚಿ ತಂದುಕೊಂಡರು. ಆದರೆ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಎಷ್ಟೋ ಮನೆಗಳಲ್ಲಿ ಸೌದೆಯ ಒಲೆ ಇಂದಿಗೂ ಇದೆ. ಬಚ್ಚಲಿನ ಹಂಡೆಗೆ ಅದೇ ಬೇಕು, ಮದುವೆ ಮುಂಜಿಗಳ ಅಡುಗೆಗೆ ಅದೇ ಬೇಕು, ಸಿಲಿಂಡರು ಮುಗಿದು ಹೊಸದಕ್ಕೆ ಹಣವಿಲ್ಲದ ದಿನ ಅನ್ನ ಬೇಯುವುದೂ ಅದರ ಮೇಲೆಯೇ. ಹೊಸದನ್ನು ಯಾವ ಕೆಲಸಕ್ಕೆ ಎಷ್ಟು ಹೊತ್ತು ಬಳಸಬೇಕೆಂಬುದನ್ನು ಅಲ್ಲಿ ಗೃಹಿಣಿ ತಾನೇ ನಿರ್ಧರಿಸುತ್ತಾಳೆ. ಯಂತ್ರಕ್ಕೂ ಮನುಷ್ಯನಿಗೂ ಇರಬೇಕಾದ ಸಂಬಂಧ ಇದೇ ಎಂದು ನಾನು ನಂಬಿದ್ದೇನೆ.

ಹಳೆಯದನ್ನೂ ಉಳಿಸಿಕೊಳ್ಳುವ ಈ ವಿವೇಕ ನೀರಿನ ವಿಷಯದಲ್ಲಿ ನಮಗೆ ಉಳಿಯಲಿಲ್ಲ. ಬೆಂಗಳೂರಿನ ನಲ್ಲಿಯಲ್ಲಿ ಇಂದು ಬರುವ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರು ದೂರ, ಹೆಚ್ಚುಕಡಮೆ ೫೦೦ ಮೀಟರು ಎತ್ತರಕ್ಕೆ ವಿದ್ಯುಚ್ಛಕ್ತಿಯಿಂದ ಏರಿಸಿ ತರುತ್ತಾರೆ. ಇದು ಇಂಜಿನಿಯರುಗಳ ಮಹತ್ಸಾಧನೆ. ಬಿಂದಿಗೆ ಹೊತ್ತು ನಡೆದ ಕಾಲುಗಳು ಅದನ್ನು ಹರಸಬೇಕು. ಆದರೆ ನಲ್ಲಿ ಬಂದಿತೆಂದು ಹಿತ್ತಿಲ ಬಾವಿಗಳನ್ನು ಮುಚ್ಚಿ ಅವುಗಳ ಮೇಲೆ ಮನೆ ಕಟ್ಟಿದೆವು, ಕೆರೆಗಳನ್ನು ಬಡಾವಣೆಗಳನ್ನಾಗಿ ಮಾಡಿದೆವು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಪರದಾಡಿದಾಗ, ಹಿಂದಿರುಗಿ ಹೋಗುವುದಕ್ಕೆ ಹಳೆಯ ದಾರಿಯೇ ಇರಲಿಲ್ಲ.

ಮನೆಯನ್ನು ಬಿಟ್ಟು ಈಗ ಕಚೇರಿ ಅಂಗಡಿಗಳ ಕಡೆಗೆ ಬರೋಣ. ನನ್ನ ಆತಂಕವಿರುವುದು ಅಲ್ಲಿ. ಅಂಚೆಯ ಇಲಾಖೆಯಲ್ಲಿ ಮನಿಯಾರ್ಡರು ಆರಂಭವಾದದ್ದು ೧೮೮೦ರಲ್ಲಿ. ದೂರದ ಮಗ ಕಳುಹಿಸಿದ ಹಣವನ್ನು ಅಂಚೆಯವನು ಮನೆಯ ಬಾಗಿಲಿಗೆ ತಂದು, ಎಣಿಸಿ ಕೈಗಿತ್ತು, ಚೀಟಿಯ ಮೂಲೆಯಲ್ಲಿದ್ದ ನಾಲ್ಕು ಮಾತುಗಳನ್ನು ಓದಿಹೇಳಿ, ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು ಹೋಗುತ್ತಿದ್ದನು. ಬರುವುದಕ್ಕೆ ದಿನಗಳು ಹಿಡಿಯುತ್ತಿದ್ದುವು, ನಿಜ. ಇಂದು ಹಣ ಕ್ಷಣದಲ್ಲಿ ಖಾತೆಗೆ ಬಂದು ಸೇರುತ್ತದೆ. ಬಂದಿದೆಯೇ ಎಂದು ತಿಳಿಯುವುದೂ, ತೆಗೆಯುವುದಕ್ಕೆ ಹೋಗುವುದೂ, ಗುಪ್ತಸಂಖ್ಯೆಯನ್ನು ನೆನಪಿಡುವುದೂ, ಮೋಸಗಾರರ ಫೋನಿಗೆ ಒಟಿಪಿ ಹೇಳದಂತೆ ಎಚ್ಚರವಾಗಿರುವುದೂ ಊರಿನಲ್ಲಿರುವ ವೃದ್ಧ ತಾಯಿಯ ಕೆಲಸಗಳಾಗಿವೆ. ಇಲಾಖೆಗೆ ಕಡಮೆಯಾದ ಶ್ರಮದಲ್ಲಿ ಒಂದು ಪಾಲು ಆಕೆಯ ತಲೆಯ ಮೇಲೆ ಬಂದಿದೆ.

೨೦೧೬ರಲ್ಲಿ ಬಂದ ಯುಪಿಐ ಪಾವತಿಯನ್ನು ನಾನು ಇದೇ ಸಾಲಿಗೆ ಸೇರಿಸಲಾರೆ. ಚಿಲ್ಲರೆಗಾಗಿ ಹೂವಿನವಳೂ ಗಿರಾಕಿಯೂ ಪಕ್ಕದ ಅಂಗಡಿಗಳನ್ನು ಅಲೆಯುವುದನ್ನು ಅದು ತಪ್ಪಿಸಿತು. ಆದರೆ ಗಮನಿಸತಕ್ಕ ಸಂಗತಿಯೊಂದಿದೆ. ೨೦೨೫ರ ಜುಲೈಯಲ್ಲಿ ಆ ಪಾವತಿಗಳ ಲೆಕ್ಕವನ್ನೇ ಆಧರಿಸಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸುಗಳು ಬಂದಾಗ, ಅವರಲ್ಲಿ ಎಷ್ಟೋ ಜನ ಕ್ಯೂಆರ್ ಕೋಡಿನ ಚೀಟಿಯನ್ನು ಕಿತ್ತುಹಾಕಿ ನಗದು ಮಾತ್ರವೆಂದು ಫಲಕ ತೂಗುಹಾಕಿದರು. ತೆರಿಗೆಯ ನ್ಯಾಯಾನ್ಯಾಯ ಬೇರೆ ಮಾತು. ಅವರಿಗೆ ಬೇಡವೆನ್ನುವ ಅಧಿಕಾರವಿತ್ತು, ರೂಪಾಯಿಯ ನೋಟು ಇನ್ನೂ ನೋಟಾಗಿಯೇ ಉಳಿದಿದ್ದಿತು ಎಂಬುದನ್ನು ಮಾತ್ರ ನಾನು ಇಲ್ಲಿ ಎತ್ತಿಹೇಳುತ್ತಿರುವುದು.

ಹಾಗಾದರೆ ಹಳೆಯ ದಾರಿಯನ್ನು ಎಂದಿಗೂ ಮುಚ್ಚಲೇ ಕೂಡದೆಂದು ಹೇಳಬಹುದೇ? ಜಮೀನಿನ ದಾಖಲೆಯಾದ ಪಹಣಿಯ ಚರಿತ್ರೆಯನ್ನು ಬಲ್ಲವರು ಹಾಗೆ ಹೇಳಲಾರರು. ಮನೆತನದ ಹಕ್ಕಾಗಿ ಬಂದಿದ್ದ ಶ್ಯಾನುಭೋಗಿಕೆಯನ್ನು ೧೯೬೧ರ ಶಾಸನವು ರದ್ದುಗೊಳಿಸಿತು. ಬಳಿಕ ಗ್ರಾಮಲೆಕ್ಕಿಗರು ಬಂದರು. ಇಬ್ಬರ ಕಾಲದಲ್ಲಿಯೂ ರೈತನ ಹೊಲದ ಭವಿಷ್ಯ ಒಬ್ಬ ಮನುಷ್ಯನ ಕೈಬರಹದಲ್ಲಿ, ಅವನ ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಇರುತ್ತಿತ್ತು. ಸಜ್ಜನರಾದವರು ಊರಿಗೆ ಹಿರಿಯರಂತೆ ನಡೆದುಕೊಂಡರು. ಉಳಿದವರ ಮನೆಯಂಗಳದಲ್ಲಿ ರೈತನು ಪಹಣಿಗಾಗಿ ಎಷ್ಟು ಸಲ ನಿಲ್ಲಬೇಕಾಗಿತ್ತೆಂಬುದಕ್ಕೂ ಏನೇನು ಕೊಡಬೇಕಾಗಿತ್ತೆಂಬುದಕ್ಕೂ ಮಿತಿಯಿರಲಿಲ್ಲ. ಶತಮಾನದ ತಿರುವಿನಲ್ಲಿ ‘ಭೂಮಿ’ ಯೋಜನೆಯಡಿ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೇರಿಸಿ, ತಾಲ್ಲೂಕು ಕೇಂದ್ರದಲ್ಲಿ ೧೫ ರೂಪಾಯಿಗೆ ಯಾರು ಕೇಳಿದರೂ ಮುದ್ರಿಸಿಕೊಡುವಂತೆ ಮಾಡಿ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದುದು ನನ್ನ ದೃಷ್ಟಿಯಲ್ಲಿ ಸರಿಯಾದ ಕೆಲಸ. ಆದರೆ ಗಣಕಕ್ಕೇರಿಸುವಾಗ ತಂದೆಯ ಹೆಸರು ತಪ್ಪಾದವನನ್ನು, ಗುಂಟೆಯ ಅಂಕೆ ಅದಲುಬದಲಾದವನನ್ನು ಕೇಳಿನೋಡಿ. ಹೊಲವೂ ಕಾಣುತ್ತದೆ, ಹಳೆಯ ದಸ್ತಾವೇಜೂ ಕೈಯಲ್ಲಿದೆ, ಎದುರಿಗೆ ಕುಳಿತಿರುವ ಅಧಿಕಾರಿಗೆ ತಪ್ಪು ತಪ್ಪೆಂದು ತಿಳಿದೂ ಇದೆ. ತಿದ್ದುಪಡಿಗೆ ಮಾತ್ರ ಅರ್ಜಿ, ನೋಟೀಸು, ಆಕ್ಷೇಪಣೆ, ಆದೇಶಗಳ ಸರಣಿಯನ್ನು ಹಾದುಹೋಗಬೇಕು. ಹಿಂದೆ ಒಬ್ಬನ ಕೈಯಲ್ಲಿ ಮಿತಿಮೀರಿದ ಅಧಿಕಾರವಿತ್ತು, ಈಗ ಎದುರಿಗಿರುವ ಯಾರ ಕೈಯಲ್ಲಿಯೂ ಇಲ್ಲ. ಆದುದರಿಂದ ನಾನು ಉಳಿಸಿರೆಂದು ಕೇಳುವುದು ಹಳೆಯ ಪುಸ್ತಕವನ್ನಲ್ಲ. ಯಂತ್ರ ತಪ್ಪಿದಾಗ ಸ್ಥಳದಲ್ಲಿಯೇ ತೀರ್ಮಾನಿಸಬಲ್ಲ, ತನ್ನ ತೀರ್ಮಾನಕ್ಕೆ ಲೆಕ್ಕ ಕೊಡಬೇಕಾದ ಒಬ್ಬ ಮನುಷ್ಯನನ್ನು.

ಇದು ಎಷ್ಟು ಅವಶ್ಯವೆಂಬುದು ನನಗೆ ಮನದಟ್ಟಾದದ್ದು ಹಳ್ಳಿಯೊಂದರ ನ್ಯಾಯಬೆಲೆ ಅಂಗಡಿಯ ಮುಂದೆ. ಸರತಿಯಲ್ಲಿ ಚೀಲ ಹಿಡಿದು ನಿಂತಿದ್ದ ವೃದ್ಧೆಯೊಬ್ಬಳು ತನ್ನ ಸರದಿ ಬಂದಾಗ ಬೆರಳಚ್ಚಿನ ಯಂತ್ರದ ಗಾಜಿನ ಮೇಲೆ ಹೆಬ್ಬೆರಳನ್ನಿಟ್ಟಳು. ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರಸಿ ಇಟ್ಟಳು, ತಲೆಗೂದಲಿಗೆ ಉಜ್ಜಿ ಇಟ್ಟಳು, ಒಂದೊಂದಾಗಿ ಉಳಿದ ಬೆರಳುಗಳನ್ನೂ ಇಟ್ಟಳು, ಯಾವುದೂ ಕೂಡಲಿಲ್ಲ. ಕುಡುಗೋಲು ಹಿಡಿದು, ಪಾತ್ರೆ ತಿಕ್ಕಿ, ಕಲ್ಲು ತಿರುವಿದ ಆ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. “ನಾನ್ ಯಾರು ಅಂತ ನಿಂಗೊತ್ತಿಲ್ವೇನಪ್ಪ?” ಎಂದು ಆಕೆ ಅಂಗಡಿಯವನನ್ನು ಕೇಳಿದಳು. “ನಂಗೊತ್ತು ಕಣಜ್ಜಿ, ಮಿಷನ್ನಿಗೆ ಗೊತ್ತಾಗ್ಬೇಕಲ್ಲ. ನಾಳೆ ಬಾ, ಸರ್ವರ್ ಚೆನ್ನಾಗಿದ್ರೆ ನೋಡೋಣ” ಎಂದು ಆತ ಹೇಳಿದನು. ಆತ ಒರಟನಾಗಿರಲಿಲ್ಲ, ಆತನ ಮುಖದಲ್ಲಿಯೂ ಸಂಕೋಚವಿತ್ತು. ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಆಕೆಯ ಗುರುತು ಬಲ್ಲವರೇ. ಅಕ್ಕಿಯ ಮೂಟೆ ಅಲ್ಲಿಯೇ ಇತ್ತು. ಚೀಲವನ್ನು ಮಡಿಚಿ ಕಂಕುಳಿಗೆ ಇರುಕಿಕೊಂಡು ಆಕೆ ಹೊರಟುಹೋದಳು.

ಈ ಯಂತ್ರವನ್ನು ತಂದವರ ಉದ್ದೇಶ ಕೆಟ್ಟದೆಂದು ನಾನು ಹೇಳುವುದಿಲ್ಲ. ಖೊಟ್ಟಿ ಕಾರ್ಡುಗಳ ಹೆಸರಿನಲ್ಲಿ ಬಡವರ ಧಾನ್ಯ ಕಾಳಸಂತೆಗೆ ಹೋಗುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ, ಅದನ್ನು ತಡೆಯುವುದು ಧರ್ಮವೇ. ಬೆರಳಚ್ಚು ಕೂಡದವರಿಗೆ ಬೇರೆ ರೀತಿಯಿಂದ ಪಡಿತರ ಕೊಡಬೇಕೆಂದು ಸರ್ಕಾರದ ಸೂಚನೆಗಳಲ್ಲಿಯೇ ಇದೆ. ಆದರೆ ಆ ಸೂಚನೆಯನ್ನು ನಡೆಸುವ ಧೈರ್ಯ ಅಂಗಡಿಯವನಿಗೆ ಬರುವಂತೆ ಯಾರೂ ಮಾಡಿಲ್ಲ. ನಾಳೆ ಲೆಕ್ಕ ತಾಳೆಯಾಗದಿದ್ದರೆ ತನ್ನ ಪರವಾನಗಿಯೇ ಹೋದೀತೆಂಬ ಭಯ ಅವನಿಗೆ.

ಮನುಷ್ಯನ ಕಣ್ಣನ್ನು ನಂಬಿದರೆ ದೊಡ್ಡ ಪ್ರಮಾಣದ ಯೋಜನೆಗಳು ನಡೆಯಲಾರವು ಎಂಬ ಆಕ್ಷೇಪಣೆಗೆ ಉತ್ತರ ನಮ್ಮ ರಾಜ್ಯದ ರಸ್ತೆಗಳ ಮೇಲೆಯೇ ಓಡಾಡುತ್ತಿದೆ. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಡಿ ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣ ಮಾಡುತ್ತಿದ್ದಾರೆ. ನೂಕುನುಗ್ಗಲಿನ ನಡುವೆ ಕಂಡಕ್ಟರು ಗುರುತಿನ ಚೀಟಿಯನ್ನು ನೋಡುತ್ತಾನೆ, ಮುಖವನ್ನು ನೋಡುತ್ತಾನೆ, ಶೂನ್ಯ ದರದ ಟಿಕೆಟನ್ನು ಹರಿದು ಕೊಡುತ್ತಾನೆ. ಅಲ್ಲಿ ಬೆರಳಿನ ಗೆರೆಗಳನ್ನು ಯಾರೂ ಕೇಳುವುದಿಲ್ಲ. ಟಿಕೆಟು ಕೊಡುವುದೂ ಒಂದು ಯಂತ್ರವೇ, ಆದರೆ ತೀರ್ಮಾನ ಕಂಡಕ್ಟರನದು. ಅದೇ ವೃದ್ಧೆ ತನ್ನ ಗುರುತಿನ ಚೀಟಿಯನ್ನು ತೋರಿಸಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬರಬಲ್ಲಳು.

ಬಸ್ಸಿನಲ್ಲಿ ಕೊಟ್ಟ ಈ ಅಧಿಕಾರವನ್ನು ಪಡಿತರದ ಅಂಗಡಿಯಲ್ಲಿಯೂ ಕೊಡಿರೆಂದು ಕೇಳುವುದಷ್ಟೇ ಈಗ ಉಳಿದಿದೆ. ಯಂತ್ರ ಅಲ್ಲಿಯೇ ಇರಲಿ, ಬೆರಳು ಕೂಡುವವರಿಗೆ ಅದರಿಂದ ಕೆಲಸ ಬೇಗ ಮುಗಿಯಲಿ. ಜೊತೆಗೆ ಮೇಜಿನ ಮೇಲೆ ಒಂದು ರಿಜಿಸ್ಟರು ಇರಲಿ. ಬೆರಳು ಕೂಡದವರ ಹೆಸರನ್ನು ಅದರಲ್ಲಿ ಬರೆದು, ಸಾಲಿನಲ್ಲಿರುವ ಇಬ್ಬರ ಸಾಕ್ಷಿ ಹಾಕಿಸಿ, ಅದೇ ದಿನ ಧಾನ್ಯವನ್ನು ಅಳೆದುಕೊಡಲಿ. ತಿಂಗಳ ಕೊನೆಯಲ್ಲಿ ಆಹಾರ ನಿರೀಕ್ಷಕರು ಆ ಹೆಸರುಗಳನ್ನು ಮನೆಗಳಿಗೆ ಹೋಗಿ ತಪಾಸಣೆ ಮಾಡಲಿ. ಇದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಲೇಖನಿ, ಬರೆದುಕೊಟ್ಟವನನ್ನು ದಂಡಿಸುವುದಿಲ್ಲವೆಂಬ ಇಲಾಖೆಯ ಸ್ಪಷ್ಟವಾದ ಆದೇಶ. ಆ ಪುಸ್ತಕವನ್ನು ಇಟ್ಟಿದ್ದಾರೆಯೇ, ಕಳೆದ ತಿಂಗಳು ಬರಿಗೈಯಲ್ಲಿ ಹಿಂದಿರುಗಿದವರು ಯಾರು ಯಾರು ಎಂಬ ಎರಡು ಪ್ರಶ್ನೆಗಳನ್ನು ತಮ್ಮ ತಮ್ಮ ಊರುಗಳ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕೆಂದು ಈ ಸಭೆಯಲ್ಲಿರುವ ಪ್ರತಿಯೊಬ್ಬರನ್ನೂ ನಾನು ಪ್ರಾರ್ಥಿಸುತ್ತೇನೆ.